ಆ ಥರದವರು

ಒಂದು ಟ್ಯೂಬ್‌ಲೈಟ್ ಬದಲಾಯಿಸಿಕೊಡಿ ಅಂತ ಬಾಯಿ ಬಿಟ್ಟಿದ್ದೇ ತಪ್ಪಾಯಿತು ಅಂತ ಮೇಣದಕ್ಕನಿಗೆ ಆಮೇಲೆ ಎಷ್ಟೋ ಸಲ ಅನಿಸಿತು.

ಅವಳು ಕೆಲಸಕ್ಕಿದ್ದದ್ದು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ. ಔಷಧಿ ಅಂಗಡಿಯ ಮೇಲಿನ ಮಹಡಿ, ಸಾಲಾಗಿ ಮೂರು ಕೋಣೆ. ಹಿಂದಿನದರಲ್ಲಿ ಪ್ಲಾಸ್ಟರ್, ನಡುವಿನದರಲ್ಲಿ ಮೇಣ, ಮುಂದಿನದರಲ್ಲಿ ಪಾಲಿಶ್ ಮೆಷಿನ್ನು ಮತ್ತು ಮಾಲೀಕರ ಮೇಜು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅದಕ್ಕೆ ಪ್ಲಾಸ್ಟರ್ ಹುಯ್ದು ಒಣಗಿಸಿದರೆ ಯಾರದೋ ವಸಡು, ಯಾರದೋ ಅಂಗುಳು ಕೈಗೆ ಬರುತ್ತಿತ್ತು. ಅದರ ಮೇಲೆ ಗುಲಾಬಿ ಬಣ್ಣದ ಮೇಣ ಕಟ್ಟಿ, ಸಣ್ಣ ದೀಪದಲ್ಲಿ ಚಾಕು ಕಾಯಿಸಿಕೊಂಡು, ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಮೇಣದಕ್ಕ. ಮನೆಯವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು.

ಕೆಲಸ ಅವಳಿಗೆ ಇಷ್ಟ. ಅದರಲ್ಲಿ ಎರಡು ಮಾತಿಲ್ಲ. ಎಲ್ಲ ಬಿಳಿಯೂ ಒಂದೇ ಬಿಳಿಯಲ್ಲ ಅನ್ನುವುದು ಅವಳಿಗೆ ಹುಟ್ಟುತ್ತಲೇ ಗೊತ್ತಿತ್ತೇನೋ. ಒಂದರಲ್ಲಿ ಬೂದಿ ಕಾಣುತ್ತಿತ್ತು, ಒಂದರಲ್ಲಿ ಬೆಣ್ಣೆ, ಇನ್ನೊಂದರಲ್ಲಿ ಹಳೇ ಕಾಗದ. ಮುದುಕರಿಗೆ ಹಲ್ಲು ಜೋಡಿಸುವಾಗ ಒಂದನ್ನು ಕೂದಲೆಳೆಯಷ್ಟು ಓರೆ ಮಾಡಿ ಕೂರಿಸುತ್ತಿದ್ದಳು. ಆಗ ಅದು ಅಂಗಡಿಯಿಂದ ತಂದ ಬಾಯಿಯಂತೆ ಕಾಣದೆ ಆ ಮನುಷ್ಯನದೇ ಬಾಯಿಯಂತೆ ಕಾಣುತ್ತಿತ್ತು. ಹಾಗೆ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಕಷ್ಟವಿದ್ದದ್ದು ತಲೆಯ ಮೇಲಿನ ಟ್ಯೂಬ್‌ಲೈಟಿನದು. ಬೇರೆಯವರಿಗೆ ಕಾಣದ ನಡುಕವೊಂದು ಅದರಲ್ಲಿ ಅವಳಿಗೆ ಕಾಣುತ್ತಿತ್ತು, ಗುಂಯ್ ಅನ್ನುವ ಸದ್ದೂ ಕೇಳುತ್ತಿತ್ತು. ವರ್ಷಗಟ್ಟಲೆ ಸಹಿಸಿದಳು. ಸಂಜೆ ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗುವುದು ರೂಢಿಯಾಯಿತು. ಕಡೆಗೊಂದು ದಿನ ತಂಗಿಯ ಜೊತೆ ಬಟ್ಟೆ ಅಂಗಡಿಗೆ ಹೋದವಳು ಅಲ್ಲಿನ ದೀಪ, ಹಾಡು, ಜನಜಂಗುಳಿಯ ನಡುವೆ ಕೈಕಾಲು ಬಿದ್ದುಹೋದಂತಾಗಿ ನೆಲದ ಮೇಲೇ ಮಲಗಿಬಿಟ್ಟಳು. ತಂಗಿ ಹೆದರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಒಬ್ಬ ಡಾಕ್ಟರಿಂದ ಇನ್ನೊಬ್ಬ ಡಾಕ್ಟರಿಗೆ ಅಲೆದು, ನಲವತ್ತು ದಾಟಿದ ವಯಸ್ಸಿನಲ್ಲಿ ಅವಳಿಗೆ ಗೊತ್ತಾಯಿತು, ಇದು ಆಟಿಸಂ ಅಂತ. ಹುಟ್ಟಿದಾಗಿಂದ ಜೊತೆಗೇ ಇದ್ದದ್ದು ಅಂತ. ತಂಗಿ ಅತ್ತಳು. ಅವಳಿಗೆ ಅಳು ಬರಲಿಲ್ಲ. ಮನೆಗೆ ಬಂದು ನಿದ್ದೆ ಮಾಡಿದಳು.

ಎದ್ದ ಮೇಲೆ ಮೊದಲು ನೆನಪಾದದ್ದು ಆ ಟ್ಯೂಬ್‌ಲೈಟ್. ಕಾರಣ ಇದ್ದರೆ ಕೇಳಬಹುದಲ್ಲ ಅಂದುಕೊಂಡು ಮಾಲೀಕರಿಗೆ ಕಾರಣ ಹೇಳಿದಳು.

ಮಾಲೀಕರು ಒಳ್ಳೆಯವರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ಬಯ್ದುಕೊಂಡಾದರೂ ಹಗುರಾಗಬಹುದಿತ್ತು. ಅವರು ಅವತ್ತೇ ಏಣಿ ತರಿಸಿ ಲೈಟು ಬದಲಾಯಿಸಿದರು. ಆ ರಾತ್ರಿ ಕೂತು ಫೋನಿನಲ್ಲಿ ಆಟಿಸಂ ಬಗ್ಗೆ ಸಿಕ್ಕಿದ್ದನ್ನೆಲ್ಲ ಕೇಳಿ, ಓದಿ, ಬೆಳಗ್ಗೆ ಹೊಸ ಮನುಷ್ಯರಾಗಿ ಬಂದರು.

"ಆ ಥರದವರು ಅಂದ್ರೆ ಏನಂದುಕೊಂಡಿದೀರಿ!" ಅಂತ ಶುರುಮಾಡಿದರು. "ಕೆಲಸದಲ್ಲಿ ಒಂದು ತಪ್ಪು ಇರಲ್ಲ. ಚಾಡಿ ಇಲ್ಲ, ಹರಟೆ ಇಲ್ಲ. ಮುಖ್ಯವಾಗಿ, ಸುಳ್ಳು ಹೇಳೋಕೇ ಬರಲ್ಲ. ಚಿನ್ನದಂಥ ಜನ."

ಕೆಳಗಿನ ಔಷಧಿ ಅಂಗಡಿಯವರಿಗೆ ಹೇಳಿದರು. ಡಾಕ್ಟರುಗಳಿಗೆ ಹೇಳಿದರು. ಪಾರ್ಸೆಲ್ ತಂದವನನ್ನೂ ಬಿಡಲಿಲ್ಲ. ಅವನು ಮೇಣದಕ್ಕನನ್ನು ಬಾಗಿಲಲ್ಲಿ ನಿಂತು ನೋಡಿ, ಏನು ಹೇಳಬೇಕೋ ತಿಳಿಯದೆ "ಥ್ಯಾಂಕ್ಸ್ ಮೇಡಂ" ಅಂದು ಹೋದ. ಹೊಗಳಿಕೆ ಕೇಳುವುದಕ್ಕೂ ಶಕ್ತಿ ಬೇಕು ಅನ್ನುವುದು ಅವಳಿಗೆ ಆಗ ಗೊತ್ತಾಯಿತು. ಮೊದಲು ಅವಳು ಚೆನ್ನಾಗಿ ಕೆಲಸ ಮಾಡಿದರೆ ಅದು ಅವಳ ಕೆಲಸವಾಗಿತ್ತು. ಈಗ ಅದು ಆ ಥರದವರ ಕೆಲಸವಾಯಿತು. ಮೊದಲು ಯಾವತ್ತಾದರೂ ಕೈ ತಪ್ಪಿದರೆ ಮೇಣ ಕೆರೆದು ಮತ್ತೆ ಕೂರಿಸುತ್ತಿದ್ದಳು. ಈಗ ಹಿಂದೆ ಮುಂದೆ ನೋಡಿ, ಯಾರೂ ಕಾಣದಂತೆ ಕೆರೆಯತೊಡಗಿದಳು.

ಹೀಗಿರುವಾಗ ಮಾಲೀಕರು ಇನ್ನೊಬ್ಬಳನ್ನು ಕರೆದುಕೊಂಡು ಬಂದರು.

ಇಪ್ಪತ್ತು ದಾಟಿದ ಹುಡುಗಿ. ಮಾಲೀಕರ ಹೆಂಡತಿಯ ಕಡೆ ಪರಿಚಯದವರ ಮಗಳು. ಎಲ್ಲೂ ಕೆಲಸ ನಿಲ್ಲುತ್ತಿಲ್ಲವಂತೆ, ಅವಳಿಗೂ ಆಟಿಸಂ ಅಂತೆ. ಮಾಲೀಕರಿಗೆ ಅಷ್ಟು ಸಾಕಾಯಿತು. ಎರಡನೇ ಮೇಣದಕ್ಕ ಸಿಕ್ಕಳು ಅಂತ ಕುಣಿದಾಡಿಬಿಟ್ಟರು.

"ನೋಡಮ್ಮಾ, ನಿನ್ನ ಜೊತೆಗಾತಿ," ಅಂದರು. "ಪ್ಲಾಸ್ಟರ್ ಕೆಲಸ ಕಲಿಸು. ಇನ್ಮೇಲೆ ನಿನಗೂ ನಿನ್ನ ಥರದವರು ಒಬ್ಬರು ಆದರು. ನಿಮ್ಮ ನಿಮ್ಮಲ್ಲಿ ಬೇಗ ಅರ್ಥವಾಗುತ್ತೆ."

ಅರ್ಥವಾಗುವುದು ಹಾಗಿರಲಿ, ಮಧ್ಯಾಹ್ನದ ಹೊತ್ತಿಗೆ ಮೇಣದಕ್ಕನಿಗೆ ತಲೆ ಸಿಡಿಯುತ್ತಿತ್ತು.

ಹುಡುಗಿ ಸದಾ ಗುನುಗುತ್ತಿದ್ದಳು. ಒಂದೇ ಹಾಡಾಗಿದ್ದರೆ ಹೇಗೋ ಒಗ್ಗಿಕೊಳ್ಳಬಹುದಿತ್ತು. ಅರ್ಧ ಹಾಡಿ ಬಿಟ್ಟು ಇನ್ನೊಂದು ಹಿಡಿಯುತ್ತಿದ್ದಳು. ಗುನುಗದೆ ಇದ್ದಾಗ ಮಾತಾಡುತ್ತಿದ್ದಳು. ಪ್ಲಾಸ್ಟರನ್ನು ಒಂದು ದಿನ ನೀರು ಮಾಡುತ್ತಿದ್ದಳು, ಮರುದಿನ ಕಲ್ಲು. ಒಂದೇ ಕೆಲಸ ಮತ್ತೆ ಮತ್ತೆ ಮಾಡಬೇಕು ಅಂದರೆ ಮೈಮೇಲೆ ಇರುವೆ ಬಿಟ್ಟಂತೆ ಒದ್ದಾಡುತ್ತಿದ್ದಳು. ಪಾಲಿಶ್ ಮೆಷಿನ್ನಿನ ಮುಂದೆ ತಲೆ ನರೆಯಿಸಿಕೊಂಡಿದ್ದ ಪಾಲಿಶ್ ಮಾವ ಎರಡನೇ ದಿನವೇ ಅವಳಿಗೆ ರೇಡಿಯೋ ಅಂತ ಹೆಸರಿಟ್ಟ. ಅವಳಿಗೆ ಅದು ಬಹಳ ಹಿಡಿಸಿತು. ತಾನೇ ಫೋನ್ ಎತ್ತಿ "ಹಲೋ, ರೇಡಿಯೋ ಮಾತಾಡ್ತಿರೋದು" ಅನ್ನತೊಡಗಿದಳು.

ಜನ ಅಂದರೆ ಅವಳಿಗೆ ಪ್ರಾಣ. ಯಾರಲ್ಲಿ ಏನು ಕೇಳಬಾರದು ಅನ್ನುವುದೊಂದು ಗೊತ್ತಿರಲಿಲ್ಲ. "ಮಾವ, ನಿಮಗೆ ನಿಮ್ಮ ಹೆಂಡತಿ ಅಂದ್ರೆ ಇಷ್ಟಾನಾ?" ಅಂತ ಒಂದು ದಿನ ಮೆಷಿನ್ನಿನ ಸದ್ದಿನ ಮೇಲೆ ಕಿರುಚಿ ಕೇಳಿದಳು. ಜೀವಮಾನದಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ. ಮೆಷಿನ್ ನಿಲ್ಲಿಸಿ, ಟೀ ಬರುವವರೆಗೂ ಯೋಚನೆ ಮಾಡಿ, "ಹೂಂ ಕಣೇ, ಇಷ್ಟಾನೇ ಅನ್ಸುತ್ತೆ," ಅಂದ. ಅವತ್ತಿಡೀ ಅವನ ಮುಖದಲ್ಲಿ ಏನೋ ಒಂದು ಬೆಳಕಿತ್ತು. ಇಷ್ಟು ವರ್ಷ ಪಕ್ಕದ ಕೋಣೆಯಲ್ಲಿ ಕೂತಿದ್ದರೂ ಅವನಿಗೆ ಹೆಂಡತಿ ಇದ್ದಾಳೆ ಅನ್ನುವುದೇ ಮೇಣದಕ್ಕನಿಗೆ ಗೊತ್ತಿರಲಿಲ್ಲ.

ಇನ್ನು ಸುಳ್ಳು. ಹುಡುಗಿ ಧಾರಾಳವಾಗಿ ಸುಳ್ಳು ಹೇಳುತ್ತಿದ್ದಳು. ತಡವಾಗಿ ಬಂದ ದಿನ ಬಸ್ಸಿನ ಚಕ್ರ ಕಳಚಿ ಬೀಳುತ್ತಿತ್ತು, ಇಲ್ಲವೇ ಯಾವುದೋ ಮುದುಕಿಯನ್ನು ರಸ್ತೆ ದಾಟಿಸಬೇಕಾಗುತ್ತಿತ್ತು. ಮಾಲೀಕರು ಅಷ್ಟನ್ನೂ ನಂಬಿ ತಲೆಯಾಡಿಸುತ್ತಿದ್ದರು.

ಒಂದು ದಿನ ಇಬ್ಬರೂ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಮೇಣದಕ್ಕ ಕೇಳಿದಳು. "ಚಕ್ರ ಕಳಚಿದ್ದು ನಿಜಾನಾ?"

"ಇಲ್ಲ ಅಕ್ಕ. ಏಳೋಕೆ ಬೇಜಾರಾಯ್ತು."

"ಸುಳ್ಳು ಹೇಳೋಕೆ ಹೆದರಿಕೆ ಆಗಲ್ವಾ?"

"ಯಾಕೆ? ನಮ್ಮಂಥೋರು ಸುಳ್ಳು ಹೇಳಲ್ಲ ಅಂತ ಎಲ್ಲರೂ ನಂಬಿದಾರಲ್ಲ. ನನಗೆ ಅಷ್ಟು ಸುಲಭ." ಹುಡುಗಿ ತುತ್ತು ಬಾಯಿಗಿಟ್ಟುಕೊಂಡೇ ನಕ್ಕಳು. "ನೀವು ಹೇಳಲ್ವಾ ಅಕ್ಕ?"

"ಇಲ್ಲ," ಅಂದಳು ಮೇಣದಕ್ಕ. ಅಂದ ಮೇಲೆ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಅವತ್ತು ಬೆಳಗ್ಗೆಯಷ್ಟೇ ಮಾಲೀಕರು ಬಂದು, "ರೇಡಿಯೋ ಇಂದ ನಿನಗೇನೂ ತೊಂದರೆ ಇಲ್ಲ ತಾನೇ?" ಅಂತ ಕೇಳಿದ್ದರು. "ಇಲ್ಲ ಸಾರ್" ಅಂದಿದ್ದಳು. ತೊಂದರೆ ಎಷ್ಟಿತ್ತೆಂದರೆ ಮನೆಗೆ ಹೋದ ಮೇಲೂ ಅರ್ಧರ್ಧ ಹಾಡುಗಳು ತಲೆಯೊಳಗೆ ಸುತ್ತುತ್ತಿದ್ದವು. ಊಟಕ್ಕೆ ಕೂತರೆ ತಂಗಿ ಚಮಚ ಇಡುವ ಸದ್ದಿಗೂ ಬೆಚ್ಚುವಂತಾಗಿತ್ತು.

ತಂಗಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು. ಅಕ್ಕನ ಕಷ್ಟ ಗೊತ್ತಾದ ಮೇಲೆ, ಅಕ್ಕ ಮನೆಯಲ್ಲಿರುವಾಗ ಹೊಲಿಗೆ ಮೆಷಿನ್ ಮುಟ್ಟುವುದನ್ನೇ ಬಿಟ್ಟಿದ್ದಳು.

"ಮಾಲೀಕರಿಗೆ ನೆಟ್ಟಗೆ ಹೇಳು," ಅಂದಳು ತಂಗಿ.

"ಹೇಳಿದ್ರೆ ಅವಳನ್ನ ತೆಗೆದುಹಾಕ್ತಾರೆ."

"ತೆಗೀಲಿ ಬಿಡು. ನಿನ್ನ ಮುಖ ನೋಡಿದೀಯಾ ಕನ್ನಡೀಲಿ?"

ತೆಗೆದರೆ ಚೆನ್ನ ಅಂತ ಮೇಣದಕ್ಕನಿಗೂ ಅನಿಸುತ್ತಿರಲಿಲ್ಲ ಅಂತಲ್ಲ. ದಿನಕ್ಕೊಂದು ಸಲ ಅನಿಸುತ್ತಿತ್ತು. ಆದರೆ ಹೇಳುವುದಕ್ಕೂ ಒಂದು ತ್ರಾಣ ಬೇಕಲ್ಲ, ಅದು ಸಂಜೆಯ ಹೊತ್ತಿಗೆ ಉಳಿದಿರುತ್ತಿರಲಿಲ್ಲ. ಬೆಳಗ್ಗೆ ಇರುತ್ತಿತ್ತು, ಆದರೆ ಬೆಳಗ್ಗೆ ಇದ್ದದ್ದು ಇಡೀ ದಿನಕ್ಕೆ ಆಗಬೇಕಿತ್ತು.

ಹೀಗೆ ಕೆಲವು ತಿಂಗಳು ಉರುಳಿದವು. ಸಣ್ಣ ಉದ್ಯಮಗಳ ಸಂಘದವರು ಲ್ಯಾಬ್ ನೋಡಲು ಬರುತ್ತಾರೆ ಅಂತ ಮಾಲೀಕರು ಒಂದು ದಿನ ಘೋಷಿಸಿದರು. ಆ ಥರದವರನ್ನು ಕೆಲಸಕ್ಕಿಟ್ಟುಕೊಂಡರೆ ಎಷ್ಟು ಲಾಭ ಅಂತ ಇವರೇ ಸಂಘದಲ್ಲಿ ಭಾಷಣ ಮಾಡಿದ್ದರಂತೆ, ಕಣ್ಣಾರೆ ನೋಡುತ್ತೇವೆ ಅಂದರಂತೆ. ಗೋಡೆಗೆ ಬಣ್ಣ ಹೊಡೆಸಿದರು. ವಾಸನೆ ಪರವಾಗಿಲ್ಲ ತಾನೇ ಅಂತ ಕೇಳಿದ್ದಕ್ಕೆ ಮೇಣದಕ್ಕ ಪರವಾಗಿಲ್ಲ ಅಂದಳು. ಕೆಲಸವೂ ಆ ವಾರವೇ ರಾಶಿ ಬಿದ್ದಿತ್ತು.

ಸಂಘದವರು ಬರುವ ಎರಡು ದಿನ ಮುಂಚೆ, ಬೆಳಗ್ಗೆ ಬೆಳಗ್ಗೆಯೇ ಡಾಕ್ಟರೊಬ್ಬರ ಫೋನು ಬಂತು. ಮಾಲೀಕರು ಫೋನನ್ನು ಕಿವಿಯಿಂದ ದೂರ ಹಿಡಿದರೂ ಡಾಕ್ಟರ ದನಿ ಎಲ್ಲರಿಗೂ ಕೇಳುತ್ತಿತ್ತು.

ನಡೆದದ್ದಿಷ್ಟು. ಹಲ್ಲು ಜೋಡಿಸಿದ ಮೇಲೆ ಮೇಣದ ಸೆಟ್ಟನ್ನು ಮೊದಲು ಡಾಕ್ಟರಿಗೆ ಕಳಿಸುತ್ತಾರೆ. ಅವರು ರೋಗಿಯ ಬಾಯಲ್ಲಿಟ್ಟು, ಕನ್ನಡಿ ಕೊಟ್ಟು, ಒಪ್ಪಿಗೆಯೋ ಅಂತ ಕೇಳುತ್ತಾರೆ. ಹಿಂದಿನ ಸಂಜೆ ಇಬ್ಬರು ಬಂದಿದ್ದರು. ಒಬ್ಬರು ವಯಸ್ಸಾದ ಲಾರಿ ಡ್ರೈವರು. ಇನ್ನೊಬ್ಬಳು ಅಪಘಾತದಲ್ಲಿ ಮೇಲಿನ ಹಲ್ಲೆಲ್ಲ ಕಳೆದುಕೊಂಡ ಚಿಕ್ಕ ವಯಸ್ಸಿನ ಹೆಂಗಸು. ಡ್ರೈವರ ಬಾಯಲ್ಲಿ ಮಲ್ಲಿಗೆ ಬಿಳುಪಿನ ಹಲ್ಲು ಕಂಡಿತು. ಆ ಹೆಂಗಸಿನ ಬಾಯಲ್ಲಿ ಹೊಗೆಸೊಪ್ಪು ಜಗಿದು ಜಗಿದು ಹಳದಿಗಟ್ಟಿದ ಮುದುಕನ ಹಲ್ಲು. ಡ್ರೈವರು ಜೋರಾಗಿ ನಕ್ಕರಂತೆ. ಅವಳು ತಿಂಗಳುಗಳಿಂದ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಓಡಾಡಿದವಳು, ಕನ್ನಡಿ ಮಗುಚಿಟ್ಟು ಬಿಕ್ಕಿ ಬಿಕ್ಕಿ ಅತ್ತಳಂತೆ.

ಅಚ್ಚು ಸರಿಯಿತ್ತು. ಹಲ್ಲಿನ ಬಣ್ಣ, ಗಾತ್ರ ಬರೆದ ಚೀಟಿ ಅದಲುಬದಲಾಗಿತ್ತು. ಪ್ಲಾಸ್ಟರ್ ಹುಯ್ದು, ಟ್ರೇಯಲ್ಲಿಟ್ಟು, ಅದರ ಜೊತೆ ಚೀಟಿ ಇಡುವುದು ಹುಡುಗಿಯ ಕೆಲಸ.

ಸಾಲದ್ದಕ್ಕೆ ಹುಡುಗಿ ಅವತ್ತೂ ತಡ. ಚಿಕ್ಕಮ್ಮ ತೀರಿಕೊಂಡರು ಅಂತ ಕಣ್ಣೊರೆಸಿಕೊಂಡು ಒಳಗೆ ಬಂದಳು. ಮಾಲೀಕರು ಸಿಟ್ಟನ್ನು ನುಂಗಿಕೊಂಡು ಕೂರಿಸಿ ನೀರು ಕೊಡಿಸಿದರು. ಅಷ್ಟರಲ್ಲಿ ಲ್ಯಾಬಿನ ಫೋನಿಗೆ ಆ ಚಿಕ್ಕಮ್ಮನೇ ಫೋನ್ ಮಾಡಿ, ಹುಡುಗಿ ಊಟದ ಡಬ್ಬಿ ಮರೆತು ಹೋಗಿದ್ದಾಳೆ, ಕಳಿಸಲಾ ಅಂತ ಕೇಳಿದರು.

ಮಾಲೀಕರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆಮೇಲೆ ಎಲ್ಲರನ್ನೂ ಮುಂದಿನ ಕೋಣೆಗೆ ಕರೆದರು.

"ನನಗೆ ಮೋಸ ಆಗಿದೆ," ಅಂದರು. "ಇವಳು ಆ ಥರದವಳೇ ಅಲ್ಲ. ಆ ಥರದವರು ಸುಳ್ಳು ಹೇಳಲ್ಲ, ಕೆಲಸದಲ್ಲಿ ತಪ್ಪು ಮಾಡಲ್ಲ. ಇವಳು ಎರಡೂ ಮಾಡಿದಾಳೆ. ಚೀಟಿ ಬದಲಾಯಿಸಿ ಆ ಹೆಣ್ಣುಮಗಳನ್ನ ಅಳಿಸಿದಾಳೆ. ನಾಳೆಯಿಂದ ಬರೋದು ಬೇಡಮ್ಮಾ."

"ಚಿಕ್ಕಮ್ಮಂದು ಸುಳ್ಳು," ಅಂದಳು ಹುಡುಗಿ. ಈ ಸಲ ನಿಜವಾಗಿಯೇ ಅಳುತ್ತಿದ್ದಳು. "ಚೀಟಿ ನಾನಲ್ಲ ಸಾರ್. ಚೀಟಿ ನಿಜವಾಗ್ಲೂ ನಾನಲ್ಲ."

"ಸಾಕು. ಇನ್ನು ನಿನ್ನ ಯಾವ ಮಾತನ್ನ ನಂಬಲಿ?"

ಮೇಣದಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಫೋನು ಬಂದ ಗಳಿಗೆಯಿಂದಲೇ ಅವಳಿಗೆ ಗೊತ್ತಿತ್ತು. ಹಿಂದಿನ ವಾರ, ಪಾಲಿಶ್ ಮೆಷಿನ್ ಒಂದು ಕಡೆ, ಗುನುಗು ಒಂದು ಕಡೆ, ಬಣ್ಣದ ವಾಸನೆ ಒಂದು ಕಡೆ ಕೂಡಿಕೊಂಡು ತಲೆ ಗಿರ್ರೆನ್ನುತ್ತಿದ್ದಾಗ, ಕೈ ತಾಗಿ ಕರಗಿದ ಮೇಣ ಮೇಜಿನ ಮೇಲೆ ಚೆಲ್ಲಿತ್ತು. ಒರೆಸಲು ಎರಡೂ ಚೀಟಿ ಎತ್ತಿದ್ದಳು. ತಿರುಗಿ ಇಡುವಾಗ ನೋಡಿರಲಿಲ್ಲ. ಮುದುಕರ ವಸಡಿಗೆ ಅಷ್ಟು ಬಿಳಿ ಹಲ್ಲು ಕೂರಿಸುವಾಗ ಇದೇನೋ ಸರಿಯಿಲ್ಲ ಅಂತ ಮನಸ್ಸಿನ ಮೂಲೆಯಲ್ಲಿ ಅನಿಸಿತ್ತು ಕೂಡ. ಆದರೆ ಎದ್ದು ಹೋಗಿ ಕೇಳುವಷ್ಟು ಜೀವ ಮೈಯಲ್ಲಿ ಇರಲಿಲ್ಲ. ಮುಗಿದರೆ ಸಾಕು ಅಂತ ಮುಗಿಸಿದ್ದಳು.

ಸುಮ್ಮನಿದ್ದರೆ ನಾಳೆಯಿಂದ ಲ್ಯಾಬು ನಿಶ್ಶಬ್ದ. ಆ ಯೋಚನೆಯೂ ಬಂತು. ತುಂಬಾ ಹಿತವಾಗಿತ್ತು ಆ ಯೋಚನೆ. ಆದರೆ ಹುಡುಗಿ ಎರಡು ಕೈಯಲ್ಲೂ ತನ್ನ ಏಪ್ರನ್ ಹಿಂಡುತ್ತಾ ನಿಂತಿದ್ದಳು.

"ಚೀಟಿ ಬದಲಾಗಿದ್ದು ನನ್ನ ಕೈಲಿ ಸಾರ್," ಅಂದಳು ಮೇಣದಕ್ಕ.

ಮಾಲೀಕರು ಪ್ರೀತಿಯಿಂದ ನಕ್ಕರು. "ಬಿಡಮ್ಮಾ. ನಿನ್ನಿಂದ ತಪ್ಪಾಗಲ್ಲ, ನನಗೆ ಗೊತ್ತಿಲ್ವಾ?"

"ಆಗಿದೆ. ಮೇಣ ಚೆಲ್ಲಿತ್ತು. ಒರೆಸೋಕೆ ಎತ್ತಿದೆ, ತಿರುಗಿಸಿ ಇಟ್ಟೆ."

"ಇವಳನ್ನ ಉಳಿಸೋಕೆ ಹೇಳ್ತಿದೀಯ. ನಿನ್ನ ಮನಸ್ಸು ದೊಡ್ಡದು ಕಣಮ್ಮಾ."

ಪಾಲಿಶ್ ಮಾವ ಕನ್ನಡಕ ಒರೆಸುತ್ತಾ ಮೂಲೆಯಲ್ಲಿ ಕೂತಿದ್ದವನು ತಲೆಯೆತ್ತಿದ. "ಹಂಗಾದ್ರೆ ಮೇಣದಕ್ಕ ಸುಳ್ಳು ಹೇಳ್ತಿದಾಳೆ ಅಂತಲಾ ಸಾರ್?"

"ಛೆ ಛೆ, ಅವಳು ಯಾಕೆ ಸುಳ್ಳು ಹೇಳ್ತಾಳೆ?"

"ಮತ್ತೆ ನಿಜ ಅಂದ್ರೆ ತಪ್ಪು ಮಾಡಿದಾಳೆ ಅಂತಾಯ್ತಲ್ಲ."

ಮಾಲೀಕರು ಮೇಣದಕ್ಕನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ಇಬ್ಬರಲ್ಲಿ ಯಾರನ್ನು ಯಾವ ಕಡೆ ಇಡಬೇಕೋ ತಿಳಿಯದೆ ಕುರ್ಚಿಯಲ್ಲಿ ಕುಸಿದು ಕೂತರು. ಹುಡುಗಿಗೆ ಆ ಅಳುವಿನ ನಡುವೆಯೂ ಕಿಸಕ್ಕನೆ ನಗು ಬಂದುಬಿಟ್ಟಿತು.

ಮೇಣದಕ್ಕನಿಗೆ ನಗು ಬರಲಿಲ್ಲ. ನಿಂತಲ್ಲೇ ಮಾತಾಡಿದಳು. ಅವಳು ಅಷ್ಟು ಮಾತಾಡಿದ್ದನ್ನು ಆ ಮೂರು ಕೋಣೆ ಅದುವರೆಗೆ ಕೇಳಿರಲಿಲ್ಲ.

"ನಾನು ಸುಳ್ಳೂ ಹೇಳ್ತೀನಿ ಸಾರ್. ದಿನಾ ಹೇಳ್ತೀನಿ. ಬೆಳಗ್ಗೆ ನೀವು 'ಚೆನ್ನಾಗಿದೀಯೇನಮ್ಮಾ' ಅಂತೀರಲ್ಲ, ಅಲ್ಲಿಂದಾನೇ ಶುರು. ಚೆನ್ನಾಗಿದೀನಿ ಅಂತೀನಿ. ತಲೆ ನೋಯ್ತಿರುತ್ತೆ. ಬಣ್ಣದ ವಾಸನೆ ಪರವಾಗಿಲ್ಲ ಅಂದೆ, ವಾಂತಿ ಬರ್ತಿತ್ತು. ರೇಡಿಯೋ ಇಂದ ತೊಂದರೆ ಇಲ್ಲ ಅಂದೆ. ತೊಂದರೆ ಇದೆ. ತುಂಬಾ ಇದೆ. ಅದು ಬೇರೆ ವಿಷಯ, ಚೀಟಿ ಬೇರೆ ವಿಷಯ. ಚೀಟಿ ನಾನೇ ಮಾಡಿದ್ದು. ನಿಮಗೆ ಗೊತ್ತಾಗದ ಹಾಗೆ ಇನ್ನೂ ಎಷ್ಟೋ ತಪ್ಪು ಮಾಡಿ ಸರಿ ಮಾಡಿದೀನಿ. ಎಲ್ಲರೂ ಮಾಡ್ತಾರೆ."

ಉಸಿರು ತೆಗೆದುಕೊಂಡಳು.

"ಇವಳಿಗೂ ಆಟಿಸಂ ಇದೆ, ನನಗೂ ಇದೆ. ಆದ್ರೆ ಇವಳು ನಾನಲ್ಲ. ನನ್ನ ಹಾಗೆ ಇರಲಿ ಅಂತ ಕರ್ಕೊಂಡು ಬಂದ್ರಿ. ಅವಳು ಹೇಗಿರ್ತಾಳೆ? ನಾನೇ ನೀವು ಹೇಳೋ ಹಾಗೆ ಇಲ್ಲ."

ಮಾಲೀಕರು ಬಹಳ ಹೊತ್ತು ಮೇಜಿನ ಮೇಲಿದ್ದ ಪೆನ್ನನ್ನು ಅಲ್ಲಿಂದ ಇಲ್ಲಿ, ಇಲ್ಲಿಂದ ಅಲ್ಲಿ ಇಡುತ್ತಿದ್ದರು. ಅವರಿಗೆ ನೋವಾಗಿತ್ತು. ಅದು ಎದ್ದು ಕಾಣುತ್ತಿತ್ತು.

"ನಾನು ಒಳ್ಳೇದಕ್ಕೇ ಹೇಳ್ತಿದ್ದೆ," ಅಂದರು ಕಡೆಗೆ. "ಹೊಗಳೋದ್ರಲ್ಲಿ ಏನಮ್ಮಾ ತಪ್ಪು?"

"ಗೊತ್ತು ಸಾರ್. ನೀವು ಲೈಟ್ ಬದಲಾಯಿಸಿದ್ರಿ. ಅಷ್ಟು ಸಾಕಾಗಿತ್ತು."

ಹುಡುಗಿಯನ್ನು ಅವತ್ತು ಕಳಿಸಲಿಲ್ಲ. ಇರು ಅಂತಲೂ ಬಾಯಿ ಬಿಟ್ಟು ಹೇಳಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ತಪ್ಪು ನಮ್ಮದು, ನಾಳೆಯೇ ಸರಿಪಡಿಸಿ ಕಳಿಸುತ್ತೇವೆ ಅಂದರು. ಯಾರ ತಪ್ಪು ಅಂತ ಹೇಳಲಿಲ್ಲ.

ಮೇಣದಕ್ಕ ಎರಡೂ ಸೆಟ್ಟಿನ ಹಲ್ಲು ಕಿತ್ತು ಹೊಸದಾಗಿ ಕೂರಿಸಲು ಕೂತಳು. ಹುಡುಗಿ ಬಂದು ಎದುರಿಗಿನ ಸ್ಟೂಲ್ ಮೇಲೆ ಕೂತಳು. ಮೊದಲ ಸಲ ಗುನುಗದೆ ಕೂತಿದ್ದಳು.

"ನನಗೆ ಯಾಕೆ ಹೇಳಲಿಲ್ಲ ಅಕ್ಕ, ತೊಂದರೆ ಆಗುತ್ತೆ ಅಂತ?"

"ಹೇಳೋಕೆ ಬರಲಿಲ್ಲ."

"ನನಗೆ ಹೇಳಿದ್ರೆ ಬೇಜಾರಾಗ್ತಿರಲಿಲ್ಲ. ಎಲ್ಲರ ಮುಂದೆ ಹೇಳಿದ್ರಲ್ಲ, ಅದು ಬೇಜಾರಾಯ್ತು."

ಮೇಣದಕ್ಕ ಕೈಯಲ್ಲಿದ್ದ ಹಲ್ಲನ್ನು ಕೆಳಗಿಟ್ಟಳು. "ಹೌದು. ತಪ್ಪಾಯ್ತು."

"ನಾನು ಬೇಕು ಅಂತ ಗುನುಗಲ್ಲ. ಮಾವನ ಮೆಷಿನ್ ಸದ್ದು ಇದೆಯಲ್ಲ, ಅದು ನನ್ನ ಹಲ್ಲಿನ ಬೇರಿಗೆ ಹೋಗುತ್ತೆ. ಗುನುಗಿದ್ರೆ ಅದು ಕೇಳಿಸಲ್ಲ." ಹುಡುಗಿ ಕಣ್ಣೊರೆಸಿಕೊಂಡಳು. "ಮತ್ತೆ ನೀವು ಚಾಕೂನ ದೀಪದ ಅಂಚಿಗೆ ಟಕ್ ಟಕ್ ಅಂತ ಕುಟ್ತೀರಲ್ಲ. ಅದಕ್ಕೂ."

ತಾನು ಕುಟ್ಟುತ್ತೇನೆ ಅನ್ನುವುದೇ ಮೇಣದಕ್ಕನಿಗೆ ಗೊತ್ತಿರಲಿಲ್ಲ. ಒಬ್ಬಳಿಗೆ ಸಿಡಿಲಾದದ್ದು ಇನ್ನೊಬ್ಬಳಿಗೆ ಕೊಡೆಯಾಗಿತ್ತು. ಇದಕ್ಕೆ ಏನು ಮಾಡುವುದೋ ಇಬ್ಬರಿಗೂ ತೋಚಲಿಲ್ಲ. ಪಾಲಿಶ್ ಮಾವ ತನ್ನ ಕಿವಿಗೆ ಹಾಕುವ ದಪ್ಪನೆಯ ಮುಚ್ಚಳವನ್ನು ಹುಡುಗಿಗೆ ಕೊಟ್ಟ. ತನ್ನ ಕಿವಿ ಹೇಗೂ ಅರ್ಧ ಹೋಗಿದೆ ಅಂದ. ಅವಳು ಅದನ್ನು ಹಾಕಿಕೊಂಡು ಪ್ಲಾಸ್ಟರ್ ಕೋಣೆಯ ಬಾಗಿಲು ಮುಚ್ಚಿಕೊಂಡಳು. ಮೆಷಿನ್ನಿನ ಸದ್ದೇನೋ ಅವಳಿಗೆ ನಿಂತಿತು. ಗುನುಗುವ ರೂಢಿ ನಿಲ್ಲಲಿಲ್ಲ. ತನ್ನ ದನಿ ತನಗೇ ಕೇಳಿಸದೆ ಅವಳು ಇನ್ನೂ ಜೋರಾಗಿ ಹಾಡತೊಡಗಿದಳು. ನಡುವೆ ಬಾಗಿಲಿದ್ದದ್ದರಿಂದ ಸ್ವಲ್ಪ ಮೇಲು, ಅಷ್ಟೇ. ಬಾಗಿಲ ಸಂದಿಗೆ ಮೇಣದಕ್ಕ ಹಳೇ ಟವೆಲ್ ತುರುಕಿದಳು.

ಸಂಘದವರು ಹೇಳಿದ ದಿನ ಬಂದರು. ಇಸ್ತ್ರಿ ಬಟ್ಟೆಯ ನಾಲ್ಕೈದು ಗಂಡಸರು, ಒಬ್ಬ ಹೆಂಗಸು. ಮೇಣದಕ್ಕನ ಮೇಜಿನ ಸುತ್ತ ನಿಂತು, ಅವಳ ಕೈಯನ್ನೂ ಮುಖವನ್ನೂ ನೋಡಿದರು.

"ಇವರೇನಾ?" ಅಂದ ಒಬ್ಬ, ಅವಳಿಗೆ ಕಿವಿ ಇಲ್ಲವೇನೋ ಅನ್ನುವ ಹಾಗೆ.

"ಹೌದು," ಅಂದರು ಮಾಲೀಕರು. "ಆ ಥರದವರು ಅಂದ್ರೆ..." ಅಂತ ಎಂದಿನ ಹುರುಪಿನಲ್ಲಿ ಶುರುಮಾಡಿದವರು ಮೇಣದಕ್ಕನ ಕಡೆ ನೋಡಿದರು. ಅವಳು ಹಲ್ಲು ಕೂರಿಸುವುದನ್ನು ನಿಲ್ಲಿಸಿರಲಿಲ್ಲ. ಮಾಲೀಕರು ಗಂಟಲು ಸರಿ ಮಾಡಿಕೊಂಡರು. "ಇವರು... ಇವರು ಮೇಣದ ಕೆಲಸ ಮಾಡ್ತಾರೆ. ಬಹಳ ವರ್ಷದಿಂದ ಇದಾರೆ. ಒಳ್ಳೆ ಕೆಲಸಗಾರ್ತಿ. ಹಿಂದೆ ಒಬ್ಬಳು ಹುಡುಗಿ ಇದಾಳೆ, ಪ್ಲಾಸ್ಟರ್ ಕಲೀತಿದಾಳೆ."

"ವಿಶೇಷ ಶಕ್ತಿ ಏನಾದ್ರೂ ಇರುತ್ತಂತಲ್ಲ?" ಅಂತ ಆ ಹೆಂಗಸು ಕೇಳಿದಳು.

"ಅದನ್ನ ಅವರನ್ನೇ ಕೇಳಬೇಕು," ಅಂದರು ಮಾಲೀಕರು. ಹಾಗಂದು ಸುಮ್ಮನಿರಲಾರದೆ, "ಆದ್ರೂ ನಿಯತ್ತು ಮಾತ್ರ ಹೇಳಬಾರದು, ಅಷ್ಟಿದೆ," ಅಂತ ಸೇರಿಸಿಯೇಬಿಟ್ಟರು. ಮೇಣದಕ್ಕ ಕಣ್ಣು ಮುಚ್ಚಿ ತೆರೆದಳು. ಎರಡೇ ದಿನದಲ್ಲಿ ಎಷ್ಟು ಬದಲಾದಾರು ಪಾಪ.

ಹಿಂದಿನ ಕೋಣೆಯಲ್ಲಿ ಹುಡುಗಿ ಕಿವಿಯ ಮುಚ್ಚಳ ತೆಗೆದು ಬಂದವರನ್ನೆಲ್ಲ ಮಾತಾಡಿಸಿದಳು. ಇಸ್ತ್ರಿ ಬಟ್ಟೆಯವನೊಬ್ಬನಿಗೆ ಕೈ ಹಾಕಿ ಪ್ಲಾಸ್ಟರ್ ಕಲಸಿ ನೋಡಿ ಅಂದಳು. ಅವನು ತೋಳು ಮಡಚಿ ಕಲಸಿದ. ಅವಳ ಪ್ಲಾಸ್ಟರಿಗಿಂತ ಅವನದೇ ಚೆನ್ನಾಗಿ ಬಂತು. ಅವಳು ಅದನ್ನೂ ಎಲ್ಲರಿಗೂ ಕೇಳುವಂತೆ ಹೇಳಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಅವರೆಲ್ಲ ಇಳಿದು ಹೋದ ಮೇಲೆ ಮೇಣದಕ್ಕ ದೀಪ ಆರಿಸಿ, ಚಾಕು ಒರೆಸಿಟ್ಟು, ಮಾಲೀಕರ ಮೇಜಿನ ಮುಂದೆ ಬಂದು ನಿಂತಳು.

"ನನಗೆ ರಜೆ ಬೇಕು ಸಾರ್."

ಮಾಲೀಕರು ಬೆರಗಾದರು. "ರಜೆಯಾ? ನೀನು ಯಾವತ್ತೂ ತಗೊಂಡಿಲ್ಲವಲ್ಲಮ್ಮಾ. ನಿನಗೆ ದಿನಚರಿ ತಪ್ಪಿದ್ರೆ ಆಗಲ್ಲ ಅಂತ..." ಅಂದು ತಾವೇ ಅರ್ಧಕ್ಕೆ ನಿಲ್ಲಿಸಿದರು. "ಯಾಕೆ ಕೇಳಲಿಲ್ಲ ಇಷ್ಟು ವರ್ಷ?"

"ಹೇಗೆ ಕೇಳೋದು ಅಂತ ಗೊತ್ತಾಗಲಿಲ್ಲ."

"ಹೀಗೇ ಕೇಳೋದು. ಈಗ ಕೇಳಿದ್ಯಲ್ಲ ಹಾಗೆ." ಅವರ ದನಿ ಮೆತ್ತಗಾಗಿತ್ತು. "ಎಷ್ಟು ದಿನ ಬೇಕು?"

"ಒಂದು ವಾರ."

"ತಗೋ. ಹುಡುಗಿಗೆ ನಾನೇ ಹೇಳ್ತೀನಿ ಏನು ಮಾಡಬೇಕು ಅಂತ. ಇಲ್ಲ, ಅವಳನ್ನೇ ಕೇಳ್ತೀನಿ ಏನು ಮಾಡೋಕಾಗುತ್ತೆ ಅಂತ. ಏನೋ ಒಂದು ಮಾಡ್ತೀವಿ."

ಮರುದಿನ ಬೆಳಕು ಹರಿದು ಬಹಳ ಹೊತ್ತಾದರೂ ಅಕ್ಕ ಏಳದ್ದನ್ನು ಕಂಡು ತಂಗಿ ಗಾಬರಿಯಿಂದ ಹಣೆ ಮುಟ್ಟಿ ನೋಡಿದಳು.

"ಜ್ವರಾನಾ ಅಕ್ಕ?"

"ಇಲ್ಲ. ಸುಸ್ತು."

"ಯಾವಾಗಿಂದ?"

ಮೇಣದಕ್ಕ ಗೋಡೆಯ ಕಡೆ ತಿರುಗಿ, ಯಾವಾಗಿಂದ ಅಂತ ಯೋಚಿಸಲು ನೋಡಿದಳು. ಹಿಂದಕ್ಕೆ ಹಿಂದಕ್ಕೆ ಹೋದಂತೆಲ್ಲ ಸುಸ್ತೇ ಸಿಕ್ಕಿತು. ಕೊನೆಗೆ ಬಿಟ್ಟುಬಿಟ್ಟಳು.

"ಗೊತ್ತಿಲ್ಲ ಕಣೇ. ನೀನು ಮೆಷಿನ್ ಹಾಕ್ಕೋ, ಪರವಾಗಿಲ್ಲ."

"ನಿಜವಾಗ್ಲೂ ಪರವಾಗಿಲ್ವಾ?"

ಮೇಣದಕ್ಕ ಗೋಡೆ ಬಿಟ್ಟು ತಂಗಿಯ ಕಡೆ ತಿರುಗಿದಳು. "ಇಲ್ಲ," ಅಂದಳು. "ಮಧ್ಯಾಹ್ನ ಹಾಕ್ಕೋ."

ತಂಗಿ ಪರದೆ ಎಳೆದು, ಬಾಗಿಲು ಸದ್ದಾಗದಂತೆ ಮುಂದೆ ಮಾಡಿಕೊಂಡು ಹೋದಳು.